ಮೌಶಿಯ ಸುಮ್ಮನ್ ಪಾಟ್

ನಮ್ಮ ಮೌಶಿ ಕೊಟ್ಟ ಉಡುಗೊರೆಯನ್ನು ಬಿಚ್ಚಿದವರು ಯಾರೂ "ಚೆನ್ನಾಗಿದೆ" ಎಂದು ಮಾತು ಶುರುಮಾಡುವುದಿಲ್ಲ. "ಇದನ್ನು ಏನು ಮಾಡಬೇಕು?" ಎಂದೇ ಶುರುಮಾಡುತ್ತಾರೆ. ಮದುವೆಯಿರಲಿ, ನಾಮಕರಣವಿರಲಿ, ನಿವೃತ್ತಿಯ ಸಮಾರಂಭವಿರಲಿ, ಮೂಲವ್ಯಾಧಿಯ ಆಪರೇಷನ್ ಮುಗಿಸಿ ಮನೆಗೆ ಬಂದವರಿರಲಿ, ಎಲ್ಲರಿಗೂ ಅವಳದು ಒಂದೇ ಉಡುಗೊರೆ: ಗಾಜಿನ ಭರಣಿ. ಅದರೊಳಗೆ ಒಣಗಿದ ಕಿತ್ತಳೆಯ ಬಿಲ್ಲೆಗಳು, ಸೇಬಿನ ಬಿಲ್ಲೆಗಳು, ದಾಲ್ಚಿನ್ನಿ, ಲವಂಗ, ಚಕ್ರಮೊಗ್ಗು, ಒಂದೆರಡು ಪಲಾವ್ ಎಲೆ. ಭರಣಿಯ ಬಾಯಿಗೆ ಕೆಂಪು ಬಟ್ಟೆ, ಬಟ್ಟೆಗೊಂದು ದಾರ. ನೋಡಲು ಬಲು ಚೆಂದ. ಆದರೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದೇವರ ಮುಂದೆ ಇಡುವಂತಿಲ್ಲ. ಪಾತ್ರೆಯಲ್ಲಿ ನೀರಿಟ್ಟು, ಇದನ್ನು ಸುರಿದು, ಸಣ್ಣ ಉರಿಯಲ್ಲಿ ಕುದಿಸುತ್ತ ಕೂರಬೇಕು. ಮನೆತುಂಬ ಪರಿಮಳ ಹರಡುತ್ತದೆ. ಆಮೇಲೆ? ಆಮೇಲೇನೂ ಇಲ್ಲ. ನೀರನ್ನು ಚೆಲ್ಲಬೇಕು.

ಮೌಶಿ ಎಂದರೆ ನನ್ನ ಅವ್ವನ ತಂಗಿ. ಮೂಲ ಧಾರವಾಡದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು, ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾಗಿ, ಈಗ ಅಲ್ಲಿಯ ಕೋಥರೂಡಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಗಂಡನ, ಅಂದರೆ ನಮ್ಮ ಕಾಕಾನ, ಜೊತೆ ಇದ್ದಾಳೆ. ಕಾಕಾ ಮಾತು ಕಡಿಮೆಯ ಮನುಷ್ಯ. ಮನೆಯ ಮಾತಿನ ಒಟ್ಟು ಪ್ರಮಾಣ ಸರಿದೂಗಬೇಕಲ್ಲ? ಅದನ್ನು ಮೌಶಿ ನೋಡಿಕೊಳ್ಳುತ್ತಾಳೆ. ಅವಳ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲಿಲ್ಲ. ನನ್ನ ಮದುವೆಯಲ್ಲಿ ಫೋಟೊ ತೆಗೆಯುವಾಗ ನನ್ನ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹುಡುಗ ಛಲೋ ಇದ್ದಾನ. ಕಿವಿ ಅಷ್ಟ ದೊಡ್ಡವು" ಎಂದಿದ್ದಳು. ನಮ್ಮ ಮದುವೆಯ ಎಲ್ಲ ಫೋಟೊಗಳಲ್ಲೂ ಅವರು ಕಿವಿಯ ಹತ್ತಿರ ಕೈ ಇಟ್ಟುಕೊಂಡಿದ್ದಾರೆ.

ಈ ಭರಣಿಯ ಹುಚ್ಚು ಹತ್ತಿದ್ದು ಮೈಸೂರಿನ ಒಬ್ಬ ಹುಡುಗಿಯಿಂದ. ಮೌಶಿಯ ಸೊಸೈಟಿಯ ಕೆಳಗಿನ ಮನೆಗೆ ಬಾಡಿಗೆಗೆ ಬಂದಿದ್ದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಒಂದು ಚಳಿಗಾಲದ ಸಂಜೆ ಅವಳ ಮನೆಯಿಂದ ಲವಂಗ, ದಾಲ್ಚಿನ್ನಿಗಳ ವಾಸನೆ ಮೆಟ್ಟಿಲೇರಿ ಮೌಶಿಯ ಮೂಗಿಗೆ ಬಡಿಯಿತು. ಕಷಾಯದ ವಾಸನೆ ಬಂತೆಂದರೆ ಯಾರಿಗೋ ಹುಷಾರಿಲ್ಲವೆಂದೇ ಅರ್ಥ. ಮೌಶಿ ಒಂದು ಕೈಯಲ್ಲಿ ಥರ್ಮಾಮೀಟರು, ಇನ್ನೊಂದರಲ್ಲಿ ಮೆತ್ತನೆಯ ಅನ್ನದ ಡಬ್ಬಿ ಹಿಡಿದು ಇಳಿದುಹೋದಳು.

"ಯಾರಿಗೆ ಜ್ವರ ಬಂದಾವವಾ?"

"ಯಾರಿಗೂ ಇಲ್ಲ ಆಂಟಿ. ಇದು ಸಿಮ್ಮರ್ ಪಾಟ್. ನಮ್ಮ ಕಿಟಕಿ ಪಕ್ಕಾನೇ ಕಸದ ಡಬ್ಬ ಇಟ್ಟಿದಾರಲ್ಲ, ಮನೆಯೆಲ್ಲ ಸ್ಮೆಲ್ ಬರತ್ತೆ. ಅದಕ್ಕೆ ಇದನ್ನ ಕುದಿಸ್ತೀನಿ."

"ಕುದಿಸಿ ಕುಡಿತೀ?"

"ಕುಡಿಯೋದಿಲ್ಲ ಆಂಟಿ."

"ಸೋಸಿ ತಲಿಗೆ ಹಚ್ಚಿಗೋತೀ?"

"ಇಲ್ಲ ಆಂಟಿ. ಸುಮ್ನೆ ಕುದಿಸೋದಷ್ಟೇ."

ಮೌಶಿ ಮೇಲೆ ಬಂದು ಕಾಕಾನಿಗೆ ವರದಿ ಒಪ್ಪಿಸಿದಳು. "ಲವಂಗ ಹಾಕಿ ನೀರು ಕುದಿಸಿ ಚೆಲ್ಲತಾಳಂತ್ರೀ ಆ ಹುಡುಗಿ. ಏನ್ ಹೇಳಬೇಕು ಇವರಿಗೆ." ಹಾಗೆ ಹೇಳಿದವಳು ಮರುದಿನ ಸಂಜೆ ಮತ್ತೆ ಇಳಿದು ಹೋಗಿ ಆ ಹುಡುಗಿಯ ಮನೆಯಲ್ಲಿ ಸುಮಾರು ಹೊತ್ತು ಕೂತಳು. ಮೂರನೆಯ ಸಂಜೆ ತನ್ನ ಮನೆಯಲ್ಲೇ ಕುದಿಸಿದಳು. ಸಿಮ್ಮರ್ ಎಂಬ ಮಾತು ಅವಳ ಬಾಯಿಗೆ ಕೂರಲಿಲ್ಲ. ಸುಮ್ಮನೆ ಕುದಿಸುವುದಾದ್ದರಿಂದ ಅದಕ್ಕೆ "ಸುಮ್ಮನ್ ಪಾಟ್" ಎಂದು ಹೆಸರಿಟ್ಟಳು. ನಮ್ಮ ಬಳಗದಲ್ಲೆಲ್ಲ ಅದೇ ಹೆಸರು ನಿಂತಿತು.

ಕುದಿಸುವುದು ಸುಲಭ. ಕಷ್ಟವೆಲ್ಲ ಒಣಗಿಸುವುದರಲ್ಲಿದೆ. ಕಿತ್ತಳೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ರಸವೆಲ್ಲ ಆರಿ ಹಪ್ಪಳದಂತೆ ಗರಿಗರಿ ಆಗುವ ತನಕ ಬಿಸಿಲಲ್ಲಿಡಬೇಕು. ಸ್ವಲ್ಪ ಪಸೆ ಉಳಿದರೂ ಭರಣಿಯೊಳಗೆ ಬೂಷ್ಟು ಹಿಡಿಯುತ್ತದೆ. ಮೌಶಿ ಸೊಸೈಟಿಯ ಟೆರೇಸನ್ನು ಹಿಡಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಹಳೆಯ ಸೀರೆ ಹಾಸಿ ಕಿತ್ತಳೆ ಹರವಿದಳು. ಉಳಿದವರು ಬಟ್ಟೆ ಒಣಹಾಕಲು ಬಂದರೆ ಜಾಗವಿಲ್ಲ. ಸೊಸೈಟಿಯ ಸೆಕ್ರೆಟರಿ ಮರಾಠಿ ಮನುಷ್ಯ, ಮೆತ್ತನೆಯ ಸ್ವಭಾವ. ಮೇಲೆ ಬಂದು ನೋಡಿ, "ಕಾಕೂ, ಹೇ ಕಾಯ್ ಆಹೇ?" ಎಂದು ಕೇಳಿದರು. ಇದೇನು ಎಂದು ಕೇಳಿದ್ದಷ್ಟೇ. ಮೌಶಿ ಅರ್ಧ ಗಂಟೆ ಮರಾಠಿಯಲ್ಲಿ ವಿವರಿಸಿ, ಅವರ ಕೈಗೊಂದು ಭರಣಿ ಕೊಟ್ಟು ಕಳಿಸಿದಳು. ಅವರ ಹೆಂಡತಿಗೆ ಆ ಪರಿಮಳ ಎಷ್ಟು ಹಿಡಿಸಿತೆಂದರೆ, ಮುಂದಿನ ವಾರ ಸೆಕ್ರೆಟರಿಯೇ ಟೆರೇಸಿನ ಬೀಗದ ಕೈಯೊಂದನ್ನು ಮೌಶಿಗೆ ತಂದುಕೊಟ್ಟರು.

ಆದರೆ ಕಾಗೆಗಳ ಹೆಂಡತಿಯರಿಗೆ ಪರಿಮಳದ ಅಭಿರುಚಿ ಇರಲಿಲ್ಲ. ಅವು ಬಿಲ್ಲೆಗಳನ್ನು ಎತ್ತಿ ಎತ್ತಿ ಎದುರಿನ ಸೊಸೈಟಿಯ ನೀರಿನ ಟಾಕಿಯ ಮೇಲೆ ಇಟ್ಟುಕೊಂಡು ತಿನ್ನತೊಡಗಿದವು. ಮೌಶಿ ಬೇರೆ ದಾರಿ ಹುಡುಕಿದಳು. ಕೆಳಗೆ ಅಂಗಳದಲ್ಲಿ ಒಬ್ಬ ಹುಡುಗನ ಎತ್ತರದ ಕಾರು ನಿಲ್ಲುತ್ತಿತ್ತು. ತಲೆಯ ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್, ದಿನವಿಡೀ ಬಿಸಿಲು. ಕಾಕಾನ ಕೈಯಲ್ಲಿ ಸ್ಟೂಲು ಹಿಡಿಸಿ, ಎರಡು ದೊಡ್ಡ ತಾಟುಗಳಲ್ಲಿ ಕಿತ್ತಳೆ ಹರವಿ, ಮೇಲೆ ತೆಳ್ಳನೆಯ ಓಢಣಿ ಮುಚ್ಚಿ, ತಾಟುಗಳನ್ನು ಕ್ಯಾರಿಯರಿಗೆ ಭದ್ರವಾಗಿ ಕಟ್ಟಿದಳು. ಕಾಗೆಗೂ ಸಿಗುವುದಿಲ್ಲ, ಗಾಳಿಗೂ ಹಾರುವುದಿಲ್ಲ. ಎಲ್ಲ ಸರಿಯಾಗಿತ್ತು, ಆ ಹುಡುಗನಿಗೆ ಮಧ್ಯಾಹ್ನದ ಪಾಳಿ ಇರುವುದೊಂದು ಅವಳಿಗೆ ಗೊತ್ತಿರಲಿಲ್ಲ.

ಅವನು ಊರಿನ ಇನ್ನೊಂದು ತುದಿಯ ಹಡಪಸರದ ತನ್ನ ಆಫೀಸಿಗೆ ಕಾರು ಓಡಿಸಿಕೊಂಡು ಹೋದ. ದಾರಿಯುದ್ದಕ್ಕೂ ಸ್ಕೂಟರಿನವರು ಅವನ ಕಡೆ ಕೈ ತೋರಿಸುತ್ತಿದ್ದರಂತೆ. ಹೊಸ ಕಾರು, ನೋಡುತ್ತಿದ್ದಾರೆ ಎಂದುಕೊಂಡನಂತೆ. ಸಿಗ್ನಲಿನಲ್ಲಿ ಪೊಲೀಸನೊಬ್ಬ ಗಾಜು ತಟ್ಟಿ, ಮೇಲೆ ಏನು ಎಂದು ಕೇಳಿದಾಗಲೇ ಅವನು ಇಳಿದು ನೋಡಿದ್ದು. ಸಂಜೆ ತಾಟುಗಳನ್ನು ಹಿಡಿದು ಸಿಟ್ಟಿನಿಂದ ಮೌಶಿಯ ಬಾಗಿಲಿಗೆ ಬಂದ. ಮೌಶಿ ಓಢಣಿ ಸರಿಸಿ ಒಂದು ಬಿಲ್ಲೆಯನ್ನೆತ್ತಿ ಮುರಿದಳು. ಟಪ್ ಎಂದಿತು.

"ಎಷ್ಟು ಛಲೋ ಒಣಗ್ಯಾವ. ಓಡೋ ಗಾಳಿಗೆ ಹಿಂಗಾಗ್ಯಾವ ನೋಡು" ಎಂದು ಕಾಕಾನಿಗೆ ಹೇಳಿ, ಆ ಹುಡುಗನತ್ತ ತಿರುಗಿ ಮರಾಠಿಯಲ್ಲಿ ಕೇಳಿದಳು: "ನಾಳೆಯೂ ಇದೇ ಹೊತ್ತಿಗೆ ಹೋಗುತ್ತೀಯೇನಪ್ಪ?"

ಮರುದಿನದಿಂದ ಅವನು ಕಾರನ್ನು ನೆರಳಲ್ಲಿ ನಿಲ್ಲಿಸತೊಡಗಿದ. ಮೌಶಿ ಟೆರೇಸಿಗೆ ಮರಳಿ, ಸೊಳ್ಳೆಪರದೆಯೊಂದನ್ನು ಕಟ್ಟಿ ಕಾಗೆಗಳ ಕಾಟ ತಪ್ಪಿಸಿಕೊಂಡಳು. ಕಾಕಾ ಅಂದಿನಿಂದ ಸೊಳ್ಳೆಪರದೆ ಇಲ್ಲದೆ ಮಲಗುತ್ತಾರೆ.

ಇನ್ನು ಉಡುಗೊರೆಯ ಕಥೆ. ಪುಣೆಯ ಹತ್ತಿರದ ಭೋರಿನಲ್ಲಿ ಕಾಕಾನ ಅಕ್ಕನ ಮಗಳ ಮದುವೆ. ಹಿಂದಿನ ದಿನವೇ ಹೋದ ಮೌಶಿ ಭರಣಿಯನ್ನು ಬೀಗರ ಕೈಗೆ ಕೊಟ್ಟಳು. ಯಾರೋ ಅದನ್ನು ಅಡಿಗೆಯವರಿರುವಲ್ಲಿ ಇಟ್ಟರು. ಅಡಿಗೆಯವನು ತೆರೆದು ನೋಡಿದ: ಲವಂಗವಿದೆ, ದಾಲ್ಚಿನ್ನಿಯಿದೆ, ಪಲಾವ್ ಎಲೆಯಿದೆ. ಅವನಾದರೂ ಏನೆಂದುಕೊಳ್ಳಬೇಕು? ಮಸಾಲೆ ಭಾತಿಗೆ ಪೂರ್ತಿ ಸುರಿದ. ಮರುದಿನ ಮೊದಲ ಪಂಕ್ತಿಯಲ್ಲಿ ಎಲ್ಲರೂ "ಭಾತು ಏನು ಘಮಘಮ" ಎನ್ನುತ್ತಿದ್ದಾಗ ಮೌಶಿಯ ತಟ್ಟೆಗೆ ಒಂದು ಕಿತ್ತಳೆಯ ಬಿಲ್ಲೆ ಬಿತ್ತು. ಅವಳು ತಟ್ಟನೆ ಎದ್ದು ನಿಂತಳು.

"ಥಾಂಬಾ! ನಿಲ್ಲಿಸಿ! ಇದು ತಿನ್ನುವ ವಸ್ತು ಅಲ್ಲ!"

ಇಡೀ ಪಂಕ್ತಿಯ ಕೈಗಳು ಬಾಯಿಯ ಹತ್ತಿರವೇ ನಿಂತವು. ಮದುಮಗನ ಅಜ್ಜಿ ಬಾಯಲ್ಲಿದ್ದ ತುತ್ತನ್ನು ಸೆರಗಿಗೆ ಉಗುಳಿದರು. ಹುಡುಗನ ಸೋದರಮಾವ ನಿಂತಲ್ಲೇ ಬೆವತರು. ಹಣ್ಣು ಮತ್ತು ಮಸಾಲೆ ಬಿಟ್ಟು ಅದರಲ್ಲಿ ಬೇರೇನೂ ಇಲ್ಲ, ಯಾರಿಗೂ ಏನೂ ಆಗುವುದಿಲ್ಲ ಎಂದು ಹೇಳಿ ತಿಳಿಸುವಷ್ಟರಲ್ಲಿ ಭಾತು ಆರಿಹೋಗಿತ್ತು. ಆ ಗದ್ದಲದಲ್ಲಿ ಎರಡನೆಯ ಸಲ ಭಾತು ಹಾಕಿಸಿಕೊಂಡವರು ಕಾಕಾ ಒಬ್ಬರೇ.

"ತಿನ್ನಬ್ಯಾಡ್ರಿ ಅಂತ ಹೇಳಿಲ್ಲೇನು?" ಎಂದು ಮೌಶಿ ಗದರಿದಳು.

"ರುಚಿ ಆಗ್ಯದ" ಎಂದರು ಕಾಕಾ. ನಾನು ಅವರ ಬಾಯಿಂದ ಕೇಳಿದ ಅತಿ ದೊಡ್ಡ ಬಂಡಾಯದ ಮಾತು ಅದು.

ಅಲ್ಲಿಂದ ಮುಂದೆ ಭರಣಿಗಳ ಮೇಲೆ ಚೀಟಿ ಬಂತು. ಕನ್ನಡದಲ್ಲೂ ಮರಾಠಿಯಲ್ಲೂ: ತಿನ್ನಬಾರದು, ಕುಡಿಯಬಾರದು, ಕುದಿಸಬೇಕು. ಹಾಗೆ ಬರೆದಮೇಲೂ ಕುಡಿಯುವವರಿದ್ದರು. ವಿಜಯಪುರದ ಕಡೆಯ ಒಬ್ಬ ನಿವೃತ್ತ ವ್ಯಾಪಾರಿ, ಮೌಶಿಯ ಎದುರುಮನೆಯವರು, ಅದನ್ನು ದಿನವೂ ಬೆಳಿಗ್ಗೆ ಕಷಾಯ ಮಾಡಿ ಕುಡಿದು ತಮ್ಮ ಕಫ ಕರಗಿತೆಂದು ಊರೆಲ್ಲ ಹೇಳಿಕೊಂಡು ಬಂದರು. ಇನ್ನೊಂದು ಭರಣಿ ಬೇಕೆಂದಾಗ ಮೌಶಿ ಖಡಾಖಂಡಿತ ಹೇಳಿದಳು.

"ಕುಡಿಯೂ ಮಂದಿಗೆ ನಾ ಕೊಡೂದಿಲ್ರಿ."

"ಕುಡಿಯೂದಿಲ್ಲವಾ ತಂಗಿ. ಬರೇ ವಾಸನಿ ನೋಡ್ತೀನಿ."

"ಹಂಗಾದ್ರ ನನ್ನ ಮುಂದ ಕುದಿಸ್ರಿ. ನನ್ನ ಮುಂದ ಚೆಲ್ಲರಿ."

ಆ ಹಿರಿಯರು ಮೌಶಿಯ ಎದುರಿಗೆ ಕುದಿಸಿದರು, ಎದುರಿಗೇ ಚೆಲ್ಲಿದರು. ಚೆಲ್ಲುವಾಗ ಅವರ ಮುಖ ನೋಡಿದ್ದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತಿತ್ತು.

ನಮ್ಮ ಮನೆ ಹಡಪಸರದಲ್ಲಿ. ನಾವು ಮನೆ ಕೊಂಡಾಗ ಸಹಜವಾಗಿಯೇ ಭರಣಿ ಬಂತು, ಹಬ್ಬಹಬ್ಬಕ್ಕೆ ಬರುತ್ತಲೇ ಹೋಯಿತು. ನಿಜ ಹೇಳುತ್ತೇನೆ, ನಮಗೆ ಕುದಿಸುತ್ತ ಕೂರಲು ಪುರಸೊತ್ತೆಲ್ಲಿ? ಮೌಶಿ ಕೋಥರೂಡಿನಿಂದ ಬಸ್ಸು ಹತ್ತಿ, ಸ್ವಾರಗೇಟಿನಲ್ಲಿ ಬಸ್ಸು ಬದಲಿಸುವಾಗ "ಬರಾಕತ್ತೀನಿ" ಎಂದು ಫೋನು ಮಾಡುತ್ತಾಳೆ. ಆಗ ನಾವು ಪಾತ್ರೆ ಒಲೆಗೆ ಏರಿಸುತ್ತಿದ್ದೆವು. ಹಡಪಸರದ ವಾಹನಸಂದಣಿ ನಮ್ಮ ಕೈಬಿಟ್ಟದ್ದೇ ಇಲ್ಲ. ಅವಳು ಬಾಗಿಲಿಗೆ ಬರುವ ಹೊತ್ತಿಗೆ ಮನೆ ಘಮ್ಮೆನ್ನುತ್ತಿರುತ್ತಿತ್ತು.

ಹೀಗೆ ನಗುತ್ತ ಇದ್ದೆವು. ಅಷ್ಟರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು.

ಅವ್ವ ಇರುವುದು ನಮ್ಮ ಜೊತೆಯಲ್ಲೇ. ಸೊಂಟದ ಎಲುಬು ಮುರಿದು ಆಪರೇಷನ್ ಆಯಿತು. ವಯಸ್ಸಾದ ಎಲುಬು, ಬಹಳ ತಿಂಗಳು ಹಾಸಿಗೆಯಲ್ಲೇ ಇರಬೇಕೆಂದರು. ಅವ್ವ ಅಂದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ. ಬೇಸಿಗೆಯಲ್ಲಿ ಎರಡು ಹೊತ್ತು ಸ್ನಾನ. ತನ್ನ ಚಾದರವನ್ನು ಬೇರೆಯವರು ಝಾಡಿಸಿದರೂ ತಾನೊಮ್ಮೆ ಝಾಡಿಸುವವಳು. ಅಂಥವಳಿಗೆ ಈಗ ಎಲ್ಲವೂ ಹಾಸಿಗೆಯಲ್ಲೇ. ಬೆಳಿಗ್ಗೆ ಒಬ್ಬ ಹೆಂಗಸು ಬಂದು ಮೈ ಒರೆಸಿ ಸ್ವಚ್ಛ ಮಾಡಿ ಹೋಗುತ್ತಿದ್ದಳು. ಎಷ್ಟು ಮಾಡಿದರೂ ಬೇನೆಯ ಖೋಲಿಗೆ ಒಂದು ವಾಸನೆ ಇರುತ್ತದೆ. ಫಿನಾಯಿಲು, ಮುಲಾಮು, ಮತ್ತೆ ಉಳಿದದ್ದು.

ಅವ್ವ ಯಾರನ್ನೂ ಒಳಗೆ ಬಿಟ್ಟುಕೊಳ್ಳದಾದಳು. ಭಜನೆಯ ಗೆಳತಿಯರು ಬಂದರೆ, "ಮಲಗ್ಯಾಳ ಅಂತ ಹೇಳು" ಎಂದು ನನಗೆ ಸನ್ನೆ ಮಾಡಿ ಗೋಡೆಯ ಕಡೆ ಹೊರಳುತ್ತಿದ್ದಳು. ನಾವು ನೋವಿರಬೇಕು ಎಂದುಕೊಂಡೆವು. ಒಂದು ದಿನ ನನ್ನ ಗಂಡ ಒಳ್ಳೆಯ ಮನಸ್ಸಿನಿಂದಲೇ ಪೇಟೆಯಿಂದ ಸುಗಂಧ ಬಿಡುವ ಸಣ್ಣ ಯಂತ್ರವೊಂದನ್ನು ತಂದು ಅವಳ ಖೋಲಿಯ ಗೋಡೆಗೆ ಸಿಕ್ಕಿಸಿದರು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು.

"ಇದು ನನ್ನ ಸಲುವಾಗಿ ತಂದೀರೇನು?" ಎಂದು ನನ್ನನ್ನು ಕೇಳಿದಳು.

ನಾನು ಅವಳ ಚಾದರ ಸರಿಮಾಡತೊಡಗಿದೆ.

"ವಾಸನಿ ಬರ್ತದ ಅಂತ ನನಗ ಗೊತ್ತದ" ಎಂದಳು. ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಂತ್ರವನ್ನು ತೆಗೆದೆವು. ತೆಗೆದದ್ದೂ ಅವಳ ಕಣ್ಣಿಗೆ ಬಿತ್ತು.

ಆ ವಾರವೇ ಮೌಶಿ ಬಂದಳು. "ಅವ್ವ ಮಲಗ್ಯಾಳ" ಎಂದೆ ಬಾಗಿಲಲ್ಲಿ. "ಮಲಗಿದ್ರ ಎಬ್ಬಸ್ತೀನಿ" ಎನ್ನುತ್ತ ಚೀಲದೊಂದಿಗೆ ಒಳಗೆ ನುಗ್ಗಿದಳು. ಖೋಲಿಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಮದುವೆಯ ಮಂಟಪದಲ್ಲೇ ಕಿವಿ ಅಳೆದವಳು, ಈಗ ಏನೆಂದುಬಿಟ್ಟಾಳೋ? ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

"ಅಕ್ಕಾ" ಎಂದಳು ಮೌಶಿ. "ನಮ್ಮ ಸೊಸೈಟಿ ಮಂದಿ ಟೆರೇಸ್ ಬಂದ್ ಮಾಡ್ಯಾರ."

ಅವ್ವ ತಿರುಗಲಿಲ್ಲ.

"ಕೀಲಿ ಕಸ್ಕೊಂಡಾರ. ಇಷ್ಟು ಭರಣಿ ಕೊಡ್ತೀನಿ ಅಂತ ಮಾತು ಕೊಟ್ಟು ಕೂತೀನಿ, ಸಂತ್ರಿ ಎಲ್ಲಿ ಒಣಗಸಲಿ? ನಿನ್ನ ಖೋಲಿಗೆ ಬಿಸಲು ಛಲೋ ಬೀಳತದ. ನಾಳಿಂದ ಇಲ್ಲೇ ಹಾಕ್ತೀನಿ. ನಿನಗ ತ್ರಾಸ ಆಗೂದು ಖರೆ, ಆದ್ರ ನನಗ ಬ್ಯಾರೆ ಹಾದಿ ಇಲ್ಲ."

ಅವ್ವ ನಿಧಾನವಾಗಿ ಈ ಕಡೆ ಹೊರಳಿದಳು. "ಯಾರು ಬಂದ್ ಮಾಡಿದ್ರು? ಆ ಸೆಕ್ರೆಟರಿ?"

"ಹೂಂ, ಅವನ" ಎಂದಳು ಮೌಶಿ.

"ಛಲೋ ಮನಷ್ಯಾ ಅಂತಿದ್ದಿ."

"ಹಂಗ ತಿಳಿದಿದ್ದೆ."

ಮರುದಿನ ಅವಳು ಎರಡು ಚೀಲ ತುಂಬ ಕಿತ್ತಳೆ ಹೊತ್ತು, ಎರಡು ಬಸ್ಸು ಹತ್ತಿ ಬಂದಳು. ಅವ್ವನ ಬೆನ್ನಿಗೆ ದಿಂಬು ಒಟ್ಟಿ ಕೂರಿಸಿ, ತೊಡೆಯ ಮೇಲೆ ಹಲಗೆ ಇಟ್ಟು, ಕೈಗೆ ಚಾಕು ಕೊಟ್ಟಳು. "ಕೈಗೇನು ಆಗಿಲ್ಲಲ್ಲ? ಹೆಚ್ಚು." ಅವ್ವ ಬೇಡವೆನ್ನಲೂ ಸಮಯವಿರಲಿಲ್ಲ. ಮೌಶಿ ಹೆಚ್ಚಿದ ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ಅವ್ವ, "ಇಷ್ಟು ದಪ್ಪ ಹೆಚ್ಚಿದ್ರ ಅದು ಯಾವ ಕಾಲಕ್ಕ ಒಣಗಬೇಕು?" ಎಂದಳು. ಆಪರೇಷನ್ ಆದಮೇಲೆ ಅವ್ವ ಯಾರನ್ನಾದರೂ ಬೈದದ್ದು ಅದೇ ಮೊದಲು. ಮೌಶಿ ಬೈಸಿಕೊಂಡು ಸುಮ್ಮನಿದ್ದಳು. ಅದೂ ಅವಳ ಜೀವನದಲ್ಲಿ ಮೊದಲೇ ಇರಬೇಕು.

ಕಿಟಕಿಗೆ ಅಡ್ಡಲಾಗಿ ದಾರ ಕಟ್ಟಿ ಬಿಲ್ಲೆಗಳನ್ನು ತೂಗುಹಾಕಿದರು. ಬಿಸಿಲು ಅವುಗಳ ಮೂಲಕ ಹಾದು ಅವ್ವನ ಹಾಸಿಗೆಯ ಮೇಲೆ ಕೇಸರಿಯಾಗಿ ಬೀಳುತ್ತಿತ್ತು. ಮೂಲೆಯಲ್ಲೊಂದು ವಿದ್ಯುತ್ ಒಲೆ ಇಟ್ಟು, ಮಸಾಲೆಯ ಪ್ರಮಾಣ ಪರೀಕ್ಷೆ ಮಾಡಬೇಕೆಂದು ಮೌಶಿ ದಿನವೂ ಪಾತ್ರೆ ಏರಿಸುತ್ತಿದ್ದಳು. ಖೋಲಿಯ ತುಂಬ ಕಿತ್ತಳೆ ಸಿಪ್ಪೆಯ, ಲವಂಗದ ವಾಸನೆ. ಆದರೆ ಅದು ಯಾರದೋ ವಾಸನೆ ಮುಚ್ಚಲು ತಂದದ್ದಲ್ಲ. ಅಲ್ಲಿ ಕೆಲಸ ನಡೆಯುತ್ತಿತ್ತು, ಕೆಲಸದ ವಾಸನೆ ಬರುತ್ತಿತ್ತು. ಅವ್ವ ಲವಂಗ ಎಣಿಸಿ ಹಾಕುವಳು, ಮುರುಕಲು ದಾಲ್ಚಿನ್ನಿ ಆರಿಸಿ ಬೇರೆ ಇಡುವಳು, ಭರಣಿಯ ಬಾಯಿಗೆ ಕಟ್ಟಿದ ದಾರ ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಕಟ್ಟುವಳು. ಮಧ್ಯಾಹ್ನ ಅಕ್ಕ-ತಂಗಿಯರ ಜಗಳದ ಸದ್ದು ನನ್ನ ಅಡಿಗೆಮನೆಗೆ ಕೇಳಿಸುತ್ತಿತ್ತು.

ಒಂದು ದಿನ ಮೌಶಿ ಫೋನು ಎತ್ತಲಿಲ್ಲವೆಂದು ಕಾಕಾನಿಗೆ ಮಾಡಿದೆ. ಮಾತಿನ ನಡುವೆ, ಟೆರೇಸಿನ ತಕರಾರು ಮುಗಿಯಿತೇ ಎಂದು ಕೇಳಿದೆ.

"ಯಾವ ತಕರಾರು?" ಎಂದರು ಕಾಕಾ.

"ಬಂದ್ ಮಾಡ್ಯಾರಂತಲ್ಲ, ಕೀಲಿ ಕಸ್ಕೊಂಡಾರಂತ?"

"ಕೀಲಿ ಇಲ್ಲೇ ಮೊಳಿಗೆ ಜೋತಾಡಲಿಕ್ಕತ್ತದ" ಎಂದರು. ಆಮೇಲೆ, "ಟೆರೇಸ್ ಪೂರಾ ಖಾಲಿ ಬಿದ್ದದ. ಯಾಕ?" ಎಂದರು.

"ಏನಿಲ್ಲ ಕಾಕಾ" ಎಂದೆ.

ಮೌಶಿಗೆ ಇದನ್ನು ನಾನು ಕೇಳಲಿಲ್ಲ. ಅವಳು ದಿನವೂ ಆ ಸಂದಣಿಯಲ್ಲಿ ಚೀಲಗಳನ್ನು ಹೊತ್ತು ಬರುತ್ತಲೇ ಇದ್ದಳು. ಬಂದ ಕೂಡಲೇ ತಮ್ಮ ಸೆಕ್ರೆಟರಿಯನ್ನು ಒಂದಿಷ್ಟು ಬೈದು ಕೆಲಸ ಶುರುಮಾಡುತ್ತಿದ್ದಳು. ಅವ್ವನೂ ಜೊತೆಗೆ ಬೈಯುತ್ತಿದ್ದಳು. ಪಾಪ, ಆ ಮನುಷ್ಯನಿಗೆ ಅದೆಷ್ಟು ಬಿಕ್ಕಳಿಕೆ ಬಂದಿರಬೇಕೋ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅವ್ವನ ಭಜನೆಯ ಗೆಳತಿ. ಹಿಂದೆ ಬಂದಾಗಲೆಲ್ಲ ಹೊರಗಿನ ಕೋಣೆಯಲ್ಲೇ ಕೂತು, ಚಹಾ ಕುಡಿದು ವಾಪಸು ಹೋದವರು. ನಾನು ಅಭ್ಯಾಸಬಲದಿಂದ "ಅವ್ವ ಮಲಗ್ಯಾಳ್ರಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅವ್ವನ ದನಿ ಬಂತು.

"ಯಾರು ಬಂದಾರ? ಒಳಗ ಕರಿ. ಇಲ್ಲೆ ಕೈ ಖಾಲಿ ಇಲ್ಲ ನನಗ."

ಅವರು ಒಳಗೆ ಹೋದರು. ಅವ್ವ ಹಾಸಿಗೆಯ ಪಕ್ಕದ ಕುರ್ಚಿಯ ಮೇಲಿನ ಕಿತ್ತಳೆಯ ತಾಟನ್ನು ಸರಿಸಿ, ಕೂತುಕೊಳ್ಳಲು ಹೇಳಿದಳು. "ನಡೀಲಿಕ್ಕೆ ಬರೂದಿಲ್ಲ ಇನ್ನೂ. ಎಲ್ಲಾ ಇಲ್ಲೇ ಆಗಬೇಕು ನೋಡ್ರಿ" ಎಂದಳು, ಯಾವ ಸಂಕೋಚವೂ ಇಲ್ಲದೆ. ಅವರು ಅವ್ವನ ಕೈ ಹಿಡಿದುಕೊಂಡರು. ಮಾತು ಹತ್ತಿತು.

ನಾನು ಚಹಾ ತರಲು ಹೊರಟಾಗ ಮೌಶಿ ಸದ್ದಾಗದಂತೆ ಎದ್ದು, ಮೂಲೆಯ ಒಲೆಯ ಗುಂಡಿ ತಿರುಗಿಸಿ ಆರಿಸಿದಳು. ಪಾತ್ರೆಯನ್ನೆತ್ತಿಕೊಂಡು ನನ್ನ ಹಿಂದೆ ಅಡಿಗೆಮನೆಗೆ ಬಂದಳು.

"ಇನ್ನೂ ನೀರು ಅದಲ್ಲ, ಯಾಕ ಆರಿಸಿದಿ?" ಎಂದು ಕೇಳಿದೆ.

ಮೌಶಿ ನೀರನ್ನು ಸಿಂಕಿಗೆ ಸುರಿದು, ಪಾತ್ರೆಯನ್ನು ಬೋರಲು ಹಾಕಿದಳು. ಒಳಗೆ ಅವ್ವ ಯಾವುದೋ ಮಾತಿಗೆ ಜೋರಾಗಿ ನಕ್ಕದ್ದು ಕೇಳಿಸಿತು.

"ಅಲ್ಲೆ ಈಗ ಯಾರ ಲಕ್ಷ್ಯ ವಾಸನಿ ಮ್ಯಾಲದ?" ಎಂದಳು. "ಚಾದ ಭಾಂಡೆ ಎಲ್ಲಿಟ್ಟಿ? ನಾಲ್ಕು ಕಪ್ಪು ಮಾಡು."